ಘಟ್ಟದಲ್ಲಿ ಸೈಕಲ್ ಬ್ಯಾನ್ ಬೇಡ ಸ್ವಾಮಿ, ತಿಂಗಳಿಗೊಂದು ಬೆಳಿಗ್ಗೆ ನಮಗೂ ಬಿಟ್ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಇದೇ ಓದುಗರ ಪತ್ರದ ಅಂಕಣದಲ್ಲಿ ಒಬ್ಬರು ಘಾಟಿ ರಸ್ತೆಗಳಲ್ಲಿ ಸೈಕಲ್‌ನವರನ್ನ ಪೂರ್ತಿ ಬ್ಯಾನ್ ಮಾಡ್ಬೇಕು ಅಂತ ಬರೆದಿದ್ರು. ಭಾನುವಾರ ಬೆಳಿಗ್ಗೆ ಮದುವೆಗೆ ಹೊರಟಿದ್ರಂತೆ, ಆಗುಂಬೆ ಘಾಟಿಲಿ ಏಳೆಂಟು ಜನ ಸೈಕಲ್‌ನವರು ರಸ್ತೆ ತುಂಬಾ ಹರಡ್ಕೊಂಡು ಹತ್ತುತ್ತಾ ಇದ್ರಂತೆ, ಹಾರ್ನ್ ಹೊಡೆದ್ರೂ ಜರುಗಲಿಲ್ವಂತೆ, ಇವರು ಮಂಟಪ ಮುಟ್ಟೋ ಹೊತ್ತಿಗೆ ಧಾರೆ ಮುಗಿದೇ ಹೋಗಿತ್ತಂತೆ. ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಮೂರನೇ ಸಲ ಓದಿದಾಗ ಆ ಏಳೆಂಟು ಜನದಲ್ಲಿ ನಾನೂ ಇದ್ನಾ ಅಂತ ಡೌಟು ಶುರುವಾಯ್ತು. ಯಾಕಂದ್ರೆ ಹನ್ನೊಂದು ವರ್ಷದಿಂದ ನಾನೂ ಘಟ್ಟ ಹತ್ತೋ ಇಳಿಯೋ ಚಟ ಅಂಟಿಸ್ಕೊಂಡವನು, ಈಗ ವಯಸ್ಸು ಐವತ್ತೆರಡು, ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ತಿಂಗಳಿಗೆ ಎರಡು ಸಲನಾದ್ರೂ ಯಾವುದಾದ್ರೊಂದು ಘಾಟಿಯಲ್ಲಿ ಏದುಸಿರು ಬಿಡ್ತಾ ಇರ್ತೀನಿ.

ಮೊದಲು ತಪ್ಪು ಒಪ್ಕೊಂಡುಬಿಡ್ತೀನಿ. ನಮ್ಮಲ್ಲಿ ಕೆಲವರ ವರ್ತನೆ ನೋಡಿದ್ರೆ ನಂಗೇ ಸೈಕಲ್ ಬಿಸಾಕಿ ಬಿಡೋಣ ಅನ್ಸುತ್ತೆ. ಎರಡು ಕಿವಿಗೂ ಇಯರ್‌ಫೋನ್ ಸಿಕ್ಕಿಸ್ಕೊಂಡು ಮೂರು ಜನ ಸಾಲಾಗಿ ಮಾತಾಡ್ಕೊಂಡು ಹೋಗೋರು, ತಿರುವಿನ ತಡೆಗೋಡೆ ಮೇಲೆ ಸೈಕಲ್ ಎತ್ತಿ ಹಿಡ್ಕೊಂಡು ಫೋಟೋ ತೆಗೆಸ್ಕೊಳೋರು, ಹಿಂದಿನಿಂದ ಬಸ್ ಬಂದ್ರೆ ನಮ್ಮದೇನೋ ರಾಜಮಾರ್ಗ ಅನ್ನೋ ಥರ ಕೈ ಆಡಿಸೋರು, ಎಲ್ಲರೂ ಇದಾರೆ. ಅವರಿಗೆ ಆ ಓದುಗರು ಬೈದಿದ್ದು ಸಾಲದು ಅಂತಲೇ ಇಟ್ಕೊಳ್ಳಿ.

ಆದ್ರೆ ಅವರು ನೋಡಿದ್ದೆಲ್ಲಾ ಪೊಗರೇ ಅಲ್ಲ ಅಂತ ಹೇಳೋದಕ್ಕೆ ಈ ಪತ್ರ. ಹೇರ್‌ಪಿನ್ ತಿರುವು ಅಂದ್ರೆ ಹೇಗಿರುತ್ತೆ ಅಂತ ಕಾರೊಳಗೆ ಕೂತೋರಿಗೆ ಗೊತ್ತಾಗಲ್ಲ, ಸ್ಟೇರಿಂಗ್ ತಿರುಗಿಸಿದ್ರೆ ಮುಗೀತು. ಸೈಕಲ್‌ನವನಿಗೆ ಹಾಗಲ್ಲ. ತಿರುವಿನ ಒಳಗಡೆ ಅಂಚಿದೆಯಲ್ಲ, ಅಲ್ಲಿ ದೂರ ಕಮ್ಮಿ, ಏರೋ ಎತ್ತರ ಅಷ್ಟೇ, ಅಂದ್ಮೇಲೆ ಅದು ಗೋಡೆ ಥರ ಕಡಿದು. ಹೊರಗಡೆ ಅಂಚಲ್ಲಿ ಅದೇ ಎತ್ತರ ಉದ್ದಕ್ಕೆ ಹರಡಿರುತ್ತೆ, ಸಲೀಸು. ನಮ್ಮ ದೇಶದಲ್ಲಿ ಎಡಗಡೆ ಹೋಗೋದು, ಹಾಗಾಗಿ ಎಡಕ್ಕೆ ತಿರುಗೋ ಪ್ರತಿ ತಿರುವಲ್ಲೂ ನಾವು ಸರಿಯಾಗಿ ಆ ಗೋಡೆಗೇ ಹೋಗಿ ಡಿಕ್ಕಿ ಹೊಡೀತೀವಿ, ಗಂಟೆಗೆ ಆರು ಕಿಲೋಮೀಟರ್ ಸ್ಪೀಡಲ್ಲಿ, ಅಂದ್ರೆ ಬಿರುಸಾಗಿ ನಡೆಯೋನು ನಮ್ಮನ್ನ ದಾಟಿ ಹೋಗಬಹುದು ಆ ಥರ. ಅಲ್ಲಿ ಮುಂದಿನ ಚಕ್ರ ಎತ್ತಿಬಿಡುತ್ತೆ, ಬ್ಯಾಲೆನ್ಸ್ ಹೋಗುತ್ತೆ, ಪೆಡಲ್ ನಿಂತ್ರೆ ಬೀಳೋದೇ. ಅದಕ್ಕೆ ಎಲ್ಲರೂ ಸ್ವಲ್ಪ ಮಧ್ಯಕ್ಕೆ ಬಂದು ತಿರುಗ್ತಾರೆ. ಹಿಂದಿನಿಂದ ನೋಡೋರಿಗೆ 'ರಸ್ತೆ ತುಂಬಾ ಹರಡ್ಕೊಂಡಿದಾರೆ' ಅಂತ ಕಾಣ್ಸುತ್ತೆ, ಅದು ಸಹಜ. ಹಾರ್ನ್ ಹೊಡೆದ್ರೆ ಜರುಗಲ್ಲ ಅಂದ್ರಲ್ಲ, ಆ ಕ್ಷಣಕ್ಕೆ ಜರುಗೋ ತಾಕತ್ತೇ ಇರಲ್ಲ ಸಾರ್, ಅದು ನಿಜ.

ಇನ್ನೊಂದು ವಿಷಯ. ಗುಡ್ಡದ ರಸ್ತೆಲಿ ಎರಡು ಗಾಡಿ ಸರಾಗವಾಗಿ ದಾಟೋಷ್ಟು ಅಗಲ ಇಲ್ಲದ ಕಡೆ ಇಳಿಯೋರು ನಿಂತು ಹತ್ತೋರಿಗೆ ದಾರಿ ಬಿಡ್ಬೇಕು ಅಂತ ನಮ್ಮ ರಸ್ತೆ ನಿಯಮದಲ್ಲೇ ಇದೆ. 1989ರ ನಿಯಮಾವಳಿಯಲ್ಲೂ ಇತ್ತು, 2017ರ ಹೊಸದ್ರಲ್ಲೂ ಇದೆ. ಹಳೇ ಲಾರಿ ಡ್ರೈವರ್‌ಗಳು ಪುಸ್ತಕ ಓದದೇನೇ ಇದನ್ನ ಪಾಲಿಸ್ತಾರೆ, ಏರಲ್ಲಿ ನಿಂತ ಲೋಡ್ ಗಾಡಿ ಮತ್ತೆ ಎತ್ತೋದು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತು. ಈ ರೂಲ್ಸ್ ಗೊತ್ತಿಲ್ಲದೋರು ಅಂದ್ರೆ ವೀಕೆಂಡ್‌ಗೆ ಬಾಡಿಗೆ ಕಾರು ತಗೊಂಡು ಬರೋರು ಮಾತ್ರ.

ಆಗುಂಬೆ ಬಗ್ಗೇನೇ ಹೇಳ್ತೀನಿ, ಅವರು ಎತ್ತಿದ ಜಾಗ ಅದೇ ಆದ್ದರಿಂದ. ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ತಿರುವು. ಮೇಲೆ ಮುಟ್ಟಿದ್ರೆ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಎತ್ತರ, ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಸುರಿಯೋ ಊರು. ನವೆಂಬರ್ ತಿಂಗಳ ಬೆಳಿಗ್ಗೆ ಆರಕ್ಕೆ ಕೆಳಗಿನಿಂದ ಹೊರಟ್ರೆ ಮೊದಲ ಎರಡು ತಿರುವು ಕತ್ತಲೆಲೇ ಕಳೆಯುತ್ತೆ, ಲೈಟಿನ ಬೆಳಕಲ್ಲಿ ರಸ್ತೆ ಮೇಲೆ ಬಿದ್ದ ಎಲೆ ಯಾವುದು ಕಪ್ಪೆ ಯಾವುದು ಅಂತ ಗೊತ್ತಾಗದೆ ಹಾವಿನ ಥರ ಸುತ್ತಿ ಸುತ್ತಿ ಹೋಗೋದು. ನಾಲ್ಕೈದನೇ ತಿರುವಿಗೆ ಬೆವರು ಕಣ್ಣಿಗಿಳಿಯುತ್ತೆ, ಹೊರಗಡೆ ಮಾತ್ರ ಚಳಿ. ಕಾಡಿನ ಆ ವಾಸನೆ ಇದೆಯಲ್ಲ, ಕೊಳೆತ ಎಲೆ, ಒದ್ದೆ ಕಲ್ಲು, ಎಲ್ಲೋ ಯಾವುದೋ ಮರ ಹೂ ಬಿಟ್ಟಿದ್ದು, ಅದು ಕಾರಿನ ಗಾಜು ಏರಿಸ್ಕೊಂಡು ಹೋದೋರಿಗೆ ಸಿಗಲ್ಲ, ಬೈಕಲ್ಲಿ ಹೋದ್ರೂ ಅರ್ಧ ಮಾತ್ರ ಸಿಗುತ್ತೆ. ಒಂದ್ಸಲ ಎಂಟನೇ ತಿರುವಲ್ಲೋ ಒಂಬತ್ತರಲ್ಲೋ ಸುಸ್ತಾಗಿ ಕಾಲು ಊರಿ ನಿಂತಿದ್ದೆ, ತಲೆ ಮೇಲೆ ಯಾರೋ ದೊಡ್ಡ ಬೀಸಣಿಗೆ ಬೀಸ್ದಂಗೆ ಸದ್ದು, ಏನಪ್ಪಾ ಅಂತ ನೋಡಿದ್ರೆ ಜೋಡಿ ಮಂಗಟ್ಟೆ, ಕಣಿವೆ ಮೇಲೆ ಹಾರಿ ಹೋಗ್ತಾ ಇದ್ವು. ಒಂದು ಹಕ್ಕಿಯ ರೆಕ್ಕೆ ಸದ್ದು ಅಷ್ಟು ದೂರದಿಂದ ಕೇಳುತ್ತೆ ಅಂತ ನಂಗೆ ಅಲ್ಲಿವರೆಗೂ ಗೊತ್ತಿರಲಿಲ್ಲ. ಅದಾಗಿ ಎರಡು ನಿಮಿಷಕ್ಕೆ ಮೇಲಿಂದ ಮೊದಲ ಮಿನಿ ಬಸ್ ಇಳೀತು, ಅದರ ಹಿಂದೆ ನಾಲ್ಕು ಕಾರು, ಹಾರ್ನು, ಅಲ್ಲಿಗೆ ಎಲ್ಲಾ ಮುಗೀತು. ಆ ಎರಡು ನಿಮಿಷಕ್ಕೋಸ್ಕರ ನಾನು ಮತ್ತೆ ಮತ್ತೆ ಹೋಗೋದು, ಬೇರೆ ಏನೂ ಕಾರಣ ಇಲ್ಲ.

ಹತ್ತೋದು ಕಷ್ಟ ಅಂತ ಎಲ್ಲರೂ ಅಂದ್ಕೋತಾರೆ. ನಿಜವಾದ ಅಪಾಯ ಇಳಿಯೋದ್ರಲ್ಲಿ ಇರೋದು. ಇದು ಹೊಸದಾಗಿ ಘಟ್ಟಕ್ಕೆ ಬರೋ ಹುಡುಗರಿಗೆ ಹೇಳಬೇಕಾದ ಮಾತು, ನನ್ನ ಸ್ವಂತ ಮೊಣಕೈ ಕೊಟ್ಟು ಕಲಿತಿದ್ದು. ಆರು ವರ್ಷದ ಹಿಂದೆ ಚಾರ್ಮಾಡಿ ಇಳೀತಾ ಇದ್ದೆ, ಮುಂದೆ ಒಂದು ಬಸ್ಸು, ಅದನ್ನ ದಾಟೋಕಾಗಲ್ಲ, ದಾಟಲೂಬಾರದು, ಸರಿ ಅಂತ ಅದರ ಹಿಂದೆ ಹಿಂದೆ ಉದ್ದಕ್ಕೂ ಬ್ರೇಕ್ ಹಿಡ್ಕೊಂಡೇ ಇಳಿದೆ. ನನ್ನದು ರಿಮ್‌ಗೆ ಒತ್ತೋ ರಬ್ಬರ್ ಬ್ರೇಕು. ಸ್ವಲ್ಪ ಲೆಕ್ಕ ಹಾಕಿ ನೋಡಿ, ನಾನು ಸೈಕಲ್ ಎಲ್ಲಾ ಸೇರಿ 85 ಕೆಜಿ, 500 ಮೀಟರ್ ಎತ್ತರ ಇಳಿದ್ರೆ ನಾಲ್ಕು ಲಕ್ಷ ಜೂಲ್‌ಗಿಂತ ಜಾಸ್ತಿ ಶಕ್ತಿ ಎಲ್ಲಾದ್ರೂ ಹೋಗ್ಲೇಬೇಕು, ಅದು ಒಂದು ಲೀಟರ್ ತಣ್ಣೀರನ್ನ ಕುದಿಸೋಕೆ ಸಾಕು. ವೇಗವಾಗಿ ಇಳಿದ್ರೆ ಒಂದಷ್ಟು ಪಾಲನ್ನ ಗಾಳಿ ತಿನ್ನುತ್ತೆ, ನಿಧಾನಕ್ಕೆ ಬ್ರೇಕ್ ಹಿಡ್ಕೊಂಡು ಬಂದ್ರೆ ಹೆಚ್ಚು ಕಮ್ಮಿ ಪೂರ್ತಿ ಬಿಸಿಯಾಗಿ ಆ ಎರಡು ರಿಮ್‌ಗೇ ಹೋಗುತ್ತೆ. ಸೋಮನಕಾಡು ಕಣಿವೆ ದಾಟಿ ಒಂದು ತಿರುವು ಬಂತು ನೋಡಿ, ಅಲ್ಲಿ ಮುಂದಿನ ಟ್ಯೂಬು ಪಟಾಕಿ ಹೊಡೆದಂಗೆ ಒಡೀತು. ಪುಣ್ಯಕ್ಕೆ ಬಿದ್ದಿದ್ದು ಗುಡ್ಡದ ಕಡೆಗೆ, ಪ್ರಪಾತದ ಕಡೆಗಲ್ಲ.

ಹಿಂದೆ ಬರ್ತಿದ್ದ ತರಕಾರಿ ಪಿಕಪ್‌ನವನು ಗಾಡಿ ನಿಲ್ಲಿಸಿ ಓಡಿ ಬಂದ. ನನ್ನನ್ನ ಎತ್ತಿ ಕೂರಿಸಿ, ಕ್ಯಾನಿಂದ ನೀರು ತಂದು ಕೈ ತೊಳೆಸಿ, ಉಳಿದ ನೀರು ರಿಮ್ ಮೇಲೆ ಹಾಕಿದ್ರೆ ಚುಂಯ್ ಅಂತು, ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ. 'ಅಣ್ಣಾ ನಮ್ ಗಾಡೀನೂ ಇದೇ ಕತೆ, ಘಾಟೀಲಿ ಗೇರಲ್ಲಿ ಇಳೀಬೇಕು, ಬ್ರೇಕಲ್ಲಿ ಇಳೀಬಾರ್ದು' ಅಂದ. ಸೈಕಲ್‌ಗೆ ಗೇರು ಇದ್ರೂ ಅದು ಇಳಿಯೋವಾಗ ಹಿಡಿಯಲ್ಲಪ್ಪಾ ಅಂದೆ. ಒಂದು ನಿಮಿಷ ಯೋಚನೆ ಮಾಡಿ 'ಹಂಗಾದ್ರೆ ಬಿಟ್ ಬಿಟ್ ಹಿಡೀರಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ತಿರುವಲ್ಲಿ ಬಿಟ್ಬಿಡಿ, ಒಂದ್ಸಲ ಮುಂದಿಂದು ಒಂದ್ಸಲ ಹಿಂದಿಂದು' ಅಂತ ಹೇಳ್ಕೊಟ್ಟ. ಎಷ್ಟೋ ವಿಡಿಯೋ ನೋಡಿದ್ದೆ ನಾನು, ಯಾವುದ್ರಲ್ಲೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಅವತ್ತಿಂದ ಹಾಗೇ ಇಳಿಯೋದು, ಬಸ್ಸೋ ಲಾರಿಯೋ ಮುಂದೆ ಸಿಕ್ರೆ ಪಕ್ಕಕ್ಕೆ ನಿಂತು ಐದು ನಿಮಿಷ ರಿಮ್ ತಣ್ಣಗಾಗೋಕೆ ಬಿಡ್ತೀನಿ. ಡಿಸ್ಕ್ ಬ್ರೇಕ್ ಇರೋರಿಗೆ ಟ್ಯೂಬ್ ಕಾಟ ಇಲ್ಲ, ಆದ್ರೆ ಅವರೂ ಡಿಸ್ಕನ್ನ ಮುಟ್ಟಿ ನೋಡೋಕೆ ಹೋಗ್ಬೇಡಿ, ಬೆರಳ ಗುರುತು ಅಲ್ಲೇ ಉಳಿಯುತ್ತೆ. ಮತ್ತೆ ತಿರುವುಗಳಲ್ಲಿ ಲಾರಿಯಿಂದ ತೊಟ್ಟಿಕ್ಕಿದ ಆಯಿಲ್ಲು, ನೆರಳಿನ ಅಂಚಲ್ಲಿ ವರ್ಷಪೂರ್ತಿ ಇರೋ ಪಾಚಿ, ಇವೆರಡರ ಮೇಲೆ ಯಾವ ಬ್ರೇಕೂ ಕೆಲಸ ಮಾಡಲ್ಲ.

ಈಗ ಬ್ಯಾನ್ ವಿಷಯಕ್ಕೆ ಬರೋಣ. 'ಘಾಟಿ ಇರೋದು ವಾಹನಗಳಿಗೆ' ಅಂತ ಆ ಓದುಗರ ಪತ್ರದಲ್ಲಿ ಒಂದು ಸಾಲಿತ್ತು. ಇದು ಮಾತ್ರ ತಲೆಕೆಳಗು ಸ್ವಾಮಿ. ನಮ್ಮ ಅಜ್ಜಿ ತವರಿಗೆ ಹೋಗ್ತಿದ್ದಿದ್ದೇ ಘಟ್ಟ ಹತ್ತಿ ನಡ್ಕೊಂಡು, ಬಗಲಲ್ಲೊಂದು ಕೂಸು ತಲೆ ಮೇಲೊಂದು ಗಂಟು. ಘಟ್ಟದ ಕೆಳಗಿನ ಉಪ್ಪು ಮೇಲಕ್ಕೆ, ಮೇಲಿನ ಮೆಣಸು ಏಲಕ್ಕಿ ಕೆಳಕ್ಕೆ, ಎಲ್ಲಾ ಹೇರೆತ್ತುಗಳ ಬೆನ್ನ ಮೇಲೆ, ಮನುಷ್ಯರ ತಲೆ ಮೇಲೆ ದಾಟಿದ್ದು. 1623ರಲ್ಲಿ ಇಟಲಿಯ ಪಿಯೆತ್ರೊ ಡೆಲ್ಲಾ ವಾಲೆ ಅನ್ನೋ ಪ್ರವಾಸಿ ಹೊನ್ನಾವರದಿಂದ ಗೇರುಸೊಪ್ಪೆವರೆಗೆ ದೋಣೀಲಿ ಬಂದು ಅಲ್ಲಿಂದ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋಗಿದ್ದ, ಆ ಕಾಡು ಆ ದಾರಿ ಎಲ್ಲದರ ಬಗ್ಗೆ ಕಾಗದ ಬರೆದಿಟ್ಟಿದ್ದಾನೆ. ಡಾಂಬರು ಬಂದಿದ್ದು ನಿನ್ನೆ ಮೊನ್ನೆ, ಮೊದಲು ಬಂದಿದ್ದು ಪಾದ.

ಅಷ್ಟು ಹಿಂದಕ್ಕೆ ಯಾಕೆ, ಪ್ರತಿ ವರ್ಷ ಶಿವರಾತ್ರಿ ಹತ್ರ ಬಂದಾಗ ಚಾರ್ಮಾಡಿ ಘಾಟಿ ನೋಡಿ. ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ ಸಾವಿರಾರು ಜನ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟು ಕೊಟ್ಟಿಗೆಹಾರ ದಾಟಿ ಘಾಟಿ ಇಳೀತಾರೆ. ಪಾದಕ್ಕೆ ಬಟ್ಟೆ ಸುತ್ತಿಕೊಂಡ ಮುದುಕರು, ಕಾಲೇಜು ಹುಡುಗರು, ಹೆಗಲ ಮೇಲೆ ಮಗು ಕೂರಿಸಿಕೊಂಡ ಅಪ್ಪಂದಿರು. ಆಗ ಗಾಡಿಗಳು ತಾವಾಗೇ ನಿಧಾನ ಆಗ್ತವೆ, ಡ್ರೈವರ್‌ಗಳು ಕೈ ಮುಗಿದು ಪಕ್ಕಕ್ಕೆ ತಗೋತಾರೆ, ಯಾರೂ ಇವರನ್ನ ಬ್ಯಾನ್ ಮಾಡಿ ಅಂತ ಪತ್ರಿಕೆಗೆ ಬರೆಯಲ್ಲ. ನಾನೂ ಒಂದು ವರ್ಷ ಸೈಕಲ್ ಮನೇಲಿಟ್ಟು ಅವರ ಜೊತೆ ನಡೆದು ಇಳಿದಿದ್ದೀನಿ. ಸೈಕಲಲ್ಲಿ ಇಷ್ಟು ವರ್ಷ ಕಾಣದೇ ಇದ್ದ ಎರಡು ಝರಿ ಅವತ್ತು ಕಂಡಿದ್ವು. ಅಂದ್ರೆ ಘಾಟಿಗೆ ನಡೆಯೋರನ್ನ ತಾಳ್ಕೊಳೋ ಅಭ್ಯಾಸ ಇದೆ, ನಮ್ಮ ಜನಕ್ಕೂ ಇದೆ. ಅದು ವರ್ಷದ ಎಂಟ್ಹತ್ತು ದಿನಕ್ಕೆ ಸೀಮಿತ ಆಗಿದೆ ಅಷ್ಟೇ.

ಅದಕ್ಕೆ ನನ್ನ ಬೇಡಿಕೆ ಇಷ್ಟೇ. ನವೆಂಬರಿಂದ ಫೆಬ್ರವರಿವರೆಗೆ, ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಆಗುಂಬೆ ಘಾಟಿಯನ್ನ ಸೈಕಲ್‌ನವರಿಗೆ ಮತ್ತೆ ನಡೆಯೋರಿಗೆ ಬಿಟ್ಟುಕೊಡಿ. ಆಂಬುಲೆನ್ಸ್ ಬರ್ಲಿ, ಹಾಲಿನ ಗಾಡಿ ಬರ್ಲಿ, ರೂಟ್ ಬಸ್ ಬರ್ಲಿ, ಅವಕ್ಕೆ ಯಾರೂ ಅಡ್ಡ ಇಲ್ಲ. ಉಳಿದ ಕಾರು ಬೈಕುಗಳು ಮೂರೂವರೆ ತಾಸು ಕಾಯ್ಲಿ ಇಲ್ಲಾ ಬೇರೆ ಘಾಟಿ ಹಿಡೀಲಿ.

ಯಾಕೆ ಆಗುಂಬೆ ಅಂದ್ರೆ ಅಲ್ಲಿ ಭಾರಿ ವಾಹನಗಳಿಗೆ ಈಗಾಗಲೇ ನಿರ್ಬಂಧ ಇದೆ, ಲಾರಿ ಸಾಲು ನಿಲ್ಲಿಸೋ ತಲೆನೋವಿಲ್ಲ. ಶಿರಾಡೀಲಿ ಇದನ್ನ ಕೇಳಿದ್ರೆ ನಂಗೇ ಹುಚ್ಚು ಹಿಡಿದಿದೆ ಅಂತ ಅರ್ಥ, ಬೆಂಗಳೂರು ಮಂಗಳೂರು ನಡುವಿನ ಅರ್ಧ ಸರಕು ಅಲ್ಲೇ ಹೋಗೋದು, ಸೈಕಲ್ ತಗೊಂಡು ಆ ಕಡೆ ತಲೆ ಹಾಕಲೇಬೇಡಿ ಅಂತ ನಾನೇ ಹೇಳ್ತೀನಿ. ಇನ್ನೊಂದು ಕಾರಣ, ಆಗುಂಬೆಗೆ ಪ್ರವಾಸಿಗಳು ಬರೋದು ಸೂರ್ಯಾಸ್ತ ನೋಡೋಕೆ. ಬೆಳಿಗ್ಗೆ ಘಾಟಿ ಮುಚ್ಚಿದ್ರೆ ಸೂರ್ಯ ಏನೂ ಬೇಜಾರ್ ಮಾಡ್ಕೊಳಲ್ಲ, ವ್ಯಾಪಾರದೋರಿಗೂ ನಷ್ಟ ಇಲ್ಲ, ಬೆಳಿಗ್ಗೆ ಹತ್ತಿ ಬಂದ ಹಸಿದ ಹೊಟ್ಟೆಗಳು ನೂರಾರು ಬಂದ್ರೆ ಲಾಭವೇ. ಮಳೆಗಾಲದಲ್ಲಿ ಬೇಡ ಅಂತ ನಾನೇ ಹೇಳಿದ್ದು ಯಾಕಂದ್ರೆ ಘಟ್ಟದ ಮಣ್ಣು ಈಗ ಮೊದಲಿನ ಥರ ಇಲ್ಲ. 2018ರ ಆಗಸ್ಟಲ್ಲಿ ಸಂಪಾಜೆ ದಾರಿಯ ಜೋಡುಪಾಲ, 2019ರ ಆಗಸ್ಟಲ್ಲಿ ಚಾರ್ಮಾಡಿ, 2024ರ ಜುಲೈಯಲ್ಲಿ ಶಿರಾಡಿ, ಗುಡ್ಡ ಕುಸಿಯೋದು ಈಗ ಪ್ರತಿ ವರ್ಷದ ಸುದ್ದಿ. ಬುಡ ಕಡಿದು ರಸ್ತೆ ಅಗಲ ಮಾಡಿದ್ದಕ್ಕೆ ಮೇಲಿನ ಗುಡ್ಡಕ್ಕೆ ಆಧಾರ ಇಲ್ದಂಗಾಗಿದೆ ಅಂತ ಊರಿನ ಹಿರಿಯರು ಹೇಳ್ತಾನೇ ಇದಾರೆ.

ಇದೇನು ಲೋಕದಲ್ಲಿಲ್ಲದ ಬೇಡಿಕೆ ಅಲ್ಲ. ಇಟಲೀಲಿ ಸ್ಟೆಲ್ವಿಯೊ ಅಂತ ಒಂದು ಕಣಿವೆ ದಾರಿ ಇದೆ, 2757 ಮೀಟರ್ ಎತ್ತರ, ಒಂದೇ ಮೈಯಲ್ಲಿ 48 ತಿರುವು, 1825ರಲ್ಲಿ ತೆರೆದ ರಸ್ತೆ. ನಮ್ಮ ಆಗುಂಬೆಯ ಮೂರು ಪಟ್ಟು ತಿರುವು ಅಂತ ಇಟ್ಕೊಳ್ಳಿ. ಅಲ್ಲಿ ವರ್ಷಕ್ಕೊಂದು ದಿನ ಮೋಟಾರ್ ವಾಹನಗಳನ್ನ ನಿಲ್ಲಿಸಿ ಸೈಕಲ್‌ನವರಿಗೇ ಬಿಡ್ತಾರೆ, ಸಾವಿರಗಟ್ಟಲೆ ಜನ ಬರ್ತಾರೆ. ಫ್ರಾನ್ಸಿನ ಆಲ್ಪ್ಸ್ ಕಡೇನೂ ಬೇಸಿಗೆಯಲ್ಲಿ ಕೆಲವು ಕಣಿವೆ ರಸ್ತೆಗಳನ್ನ ಒಂದೊಂದು ಬೆಳಿಗ್ಗೆ ಹೀಗೇ ಬಿಡೋ ಪದ್ಧತಿ ಇದೆ. ಅಲ್ಲಿ ನಂಗೆ ತುಂಬಾ ಇಷ್ಟ ಆಗಿರೋದು ಇನ್ನೊಂದು, ಫೋಟೋದಲ್ಲಿ ನೋಡಿದ್ದು ಅಷ್ಟೇ, ಹೋಗಿಲ್ಲ. ಸೈಕಲ್‌ನವರು ಹತ್ತೋ ದಾರೀಲಿ ಕಿಲೋಮೀಟರಿಗೊಂದು ಸಣ್ಣ ಬೋರ್ಡು ಇರುತ್ತೆ, ಈಗ ಎಷ್ಟು ಎತ್ತರದಲ್ಲಿದೀರಿ, ತುದಿಗೆ ಇನ್ನೆಷ್ಟು ದೂರ, ಮುಂದಿನ ಒಂದು ಕಿಲೋಮೀಟರ್ ಸರಾಸರಿ ಎಷ್ಟು ಪರ್ಸೆಂಟ್ ಏರು ಅಂತ. ಎಷ್ಟು ಸಣ್ಣ ಕೆಲಸ ನೋಡಿ. ನಮ್ಮ ಘಾಟಿಗಳಲ್ಲಿ ತಿರುವಿನ ನಂಬರ್ ಬರೆದ ಹಲಗೆ ಇದ್ರೂ ಅರ್ಧದ ಮೇಲೆ ಗುಟ್ಕಾ ಉಗುಳು, ಇನ್ನರ್ಧ ಬಳ್ಳಿ ಮುಚ್ಚಿರುತ್ತೆ. ಏರು ಎಷ್ಟು ಅಂತ ಮೊದಲೇ ಗೊತ್ತಿದ್ರೆ ಹೊಸಬರು ಮೊದಲ ಕಿಲೋಮೀಟರಲ್ಲೇ ಪೂರ್ತಿ ದಮ್ಮು ಖಾಲಿ ಮಾಡ್ಕೊಂಡು ರಸ್ತೆ ಮಧ್ಯ ತೂರಾಡಲ್ಲ, ಆ ಮದುವೆ ಕಾರೂ ಸಲೀಸಾಗಿ ದಾಟುತ್ತೆ.

ಗಾಡಿಗಳಿಗೆ ಮಿತಿ ಹಾಕೋದು ನಮ್ಮಲ್ಲಿ ಆಗದ ಕೆಲಸ ಅನ್ನೋರಿಗೆ, ಬಂಡೀಪುರದ ರಸ್ತೆ 2009ರಿಂದ ರಾತ್ರಿ ಹೊತ್ತು ಮುಚ್ತಾ ಇದೆ, ಲೋಕ ಏನೂ ಮುಳುಗಿಲ್ಲ. ಊಟಿಗೆ 2024ರ ಮೇ ತಿಂಗಳಿಂದ ಇ-ಪಾಸ್ ತಗೊಂಡೇ ಹೋಗ್ತಿದಾರೆ, ನ್ಯಾಯಾಲಯ ಹೇಳಿದ್ಮೇಲೆ. ನಾನು ಕೇಳ್ತಿರೋದು ಅದರ ಮುಂದೆ ಸಾಸಿವೆ ಕಾಳು.

ಇಲ್ಲಿ ನಡೆಯೋರ ವಿಷಯ ಬೇರೆ ಹೇಳ್ಬೇಕು, ಯಾಕಂದ್ರೆ ಸೈಕಲ್‌ನವರಿಗಾದ್ರೂ ಡಾಂಬರು ಇದೆ, ನಡೆಯೋರಿಗೆ ಎಲ್ಲಿದೆ ಜಾಗ. ಕುಮಾರ ಪರ್ವತ 1712 ಮೀಟರ್, ಪುಷ್ಪಗಿರಿ ಅಂತ ಕೊಡಗಿನ ಕಡೆ ಕರೀತಾರೆ. 2024ರ ಜನವರಿ ಕೊನೆಯ ರಜೆಯಲ್ಲಿ ಅಲ್ಲಿ ಸೇರಿದ ಜನಜಾತ್ರೆಯ ವಿಡಿಯೋ ಎಲ್ಲರ ಮೊಬೈಲಿಗೂ ಬಂತು, ಬೆಟ್ಟ ಹತ್ತೋಕೆ ಸಿನಿಮಾ ಟಿಕೆಟ್ ಥರ ಕ್ಯೂ. ಅದಾದ್ಮೇಲೆ ಚಾರಣಕ್ಕೆ ತಡೆ ಬಿತ್ತು, ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬಂತು. ಬೈಯೋರು ಬೈದ್ರು, ನಾನಂತೂ ಒಳ್ಳೇದಾಯ್ತು ಅಂದವನು. ಬೆಟ್ಟದ ಮೇಲಿನ ಹುಲ್ಲುಗಾವಲು ಒಂದ್ಸಲ ಕಾಲ್ತುಳಿತಕ್ಕೆ ಸಿಕ್ಕಿ ಮಣ್ಣು ಎದ್ರೆ ಮುಂದಿನ ಮಳೆಗೆ ಅದು ಕೊರಕಲಾಗುತ್ತೆ, ಅದಾದ್ಮೇಲೆ ಯಾವ ಬುಕಿಂಗೂ ಸರಿ ಮಾಡಲ್ಲ. ನಮ್ಮ ಪಶ್ಚಿಮಘಟ್ಟ 2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರ್ದಾಗ ಒಟ್ಟು 39 ತಾಣಗಳಲ್ಲಿ ಹತ್ತು ಕರ್ನಾಟಕದ್ದು, ಅದರಲ್ಲಿ ಕುದುರೆಮುಖ, ಪುಷ್ಪಗಿರಿ, ಸೋಮೇಶ್ವರ, ಆಗುಂಬೆ ಎಲ್ಲಾ ಬರುತ್ತೆ. ಹಾಗಾಗಿ ಎಲ್ಲಾ ಕಾಲುದಾರಿ ತೆರೀರಿ ಅಂತ ನಾನು ಕೇಳ್ತಿಲ್ಲ. ಆದ್ರೆ ಕಾಡಿನ ಒಳಗೆ ಹೋಗ್ಬೇಡಿ ಅಂತೀರಿ, ರಸ್ತೆ ಮೇಲೂ ಬೇಡ ಅಂದ್ರೆ ಘಟ್ಟ ನಡೆಯೋ ಆಸೆ ಇರೋನು ಟ್ರೆಡ್‌ಮಿಲ್ ಮೇಲೆ ನಡೀಬೇಕಾ? ವಾಹನ ಇಲ್ಲದ ಮೂರೂವರೆ ತಾಸಿನ ಘಾಟಿ ರಸ್ತೆ ಸಿಕ್ರೆ, ಬೆಟ್ಟದ ಮೇಲೆ ಬೀಳೋ ಭಾರದಲ್ಲಿ ಒಂದಷ್ಟು ಅಲ್ಲೇ ಇಳಿಯುತ್ತೆ, ಕಾಡಿಗೂ ತೊಂದ್ರೆ ಇಲ್ಲ.

ನಮ್ಮ ವ್ಯವಸ್ಥೆ ಸೈಕಲ್‌ನ ಇನ್ನೂ ಗಾಡಿ ಅಂತಲೇ ಒಪ್ಪಿಲ್ಲ ಅನ್ನೋದಕ್ಕೆ ಒಂದು ಪ್ರಸಂಗ. ಕಾಡಿನ ನಡುವೆ ಹಾದು ಹೋಗೋ ಒಂದು ರಸ್ತೆಯ ಚೆಕ್‌ಪೋಸ್ಟಲ್ಲಿ ಒಳಹೋಗೋ ಟೈಮು ಬರೆದ ಚೀಟಿ ಕೊಡ್ತಾರೆ, ಇಷ್ಟು ಹೊತ್ತೊಳಗೆ ಆ ಕಡೆ ಗೇಟು ದಾಟಬೇಕು, ಮಧ್ಯ ನಿಲ್ಲಬಾರದು. ಒಳ್ಳೇ ನಿಯಮ. ನಾನು ಹೋದೆ. 'ಗಾಡಿ ನಂಬರ್?' ಅಂದ ಕಾವಲುಗಾರ. ಇಲ್ಲಪ್ಪ ಅಂದೆ. ಪುಸ್ತಕದಲ್ಲಿ ಆ ಕಾಲಂ ಖಾಲಿ ಬಿಡಂಗಿಲ್ಲ ಅಂತ ಅವನು, ಪಾಪ ಅವನ ತಪ್ಪೇನಿದೆ. ಸೈಕಲ್ ಸುತ್ತ ಎರಡು ಸುತ್ತು ಬಂದು ಕೊನೆಗೆ ಟೈರ್ ಮೇಲೆ ಅಚ್ಚಾಗಿದ್ದ ಸೈಜ್ ನಂಬರ್ ಬರ್ಕೊಂಡ! ಟೈಮು ಮಾತ್ರ ಕಾರಿಗೆ ಕೊಡೋಷ್ಟೇ ಕೊಟ್ಟ. ಆ ಟೈಮಿಗೆ ದಾಟೋದು ಸೈಕಲ್‌ನವನ ಕೈಲಿ ಆಗದ ಮಾತು, ಆ ಕಡೆ ಗೇಟಲ್ಲಿ ಲೇಟ್ ಯಾಕೆ, ಕಾಡಲ್ಲಿ ಏನ್ ಮಾಡ್ತಿದ್ರಿ ಅಂತ ವಿಚಾರಣೆ. ತೊಡೆ ತೋರಿಸಿದೆ, ನಡುಗ್ತಾ ಇತ್ತು, ಬಿಟ್ಕಳಿಸಿದ್ರು.

ನಮ್ಮ ಬೇಡಿಕೆ ಜೊತೆ ನಮ್ಮ ಕಡೆಯ ಶಿಸ್ತೂ ಇರ್ಬೇಕು. ಮಂಗಗಳಿಗೆ ಬಿಸ್ಕೆಟ್ ಬಾಳೆಹಣ್ಣು ಎಸೀಬಾರದು, ಅವು ಅದಕ್ಕೆ ಒಗ್ಗಿ ಈಗ ತಿರುವಲ್ಲೇ ಕೂತು ಕಾರು ಕಾಯ್ತವೆ, ಚಕ್ರಕ್ಕೆ ಸಿಗ್ತವೆ. ಎನರ್ಜಿ ಜೆಲ್ ತಿಂದು ಕವರ್ ಅಲ್ಲೇ ಬಿಸಾಕೋ ನಮ್ಮ ಸೈಕಲ್ ಶೂರರನ್ನ ಅಲ್ಲೇ ಇಳಿಸಿ ವಾಪಸ್ ಕಳಿಸ್ಬೇಕು. ಮತ್ತೆ ರಸ್ತೆ ಬಿಟ್ಟು ಕಾಡೊಳಗೆ ನುಗ್ಗೋದು ಬೇಡವೇ ಬೇಡ, ಕಾನೂನು ಒಂದು ಕಡೆ, ಆರೋಗ್ಯ ಇನ್ನೊಂದು ಕಡೆ. ಮಂಗನ ಕಾಯಿಲೆ ಮೊದಲು ಗುರುತಾಗಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಅದು ಹರಡೋದು ಉಣುಗು, ಅಂದ್ರೆ ಉಣ್ಣೆ ಹುಳ ಕಚ್ಚಿ, ಜಾಸ್ತಿ ಆಗೋದು ಡಿಸೆಂಬರಿಂದ ಮೇವರೆಗೆ, ಅಂದ್ರೆ ಸರಿಯಾಗಿ ನಾವೆಲ್ಲಾ ಘಟ್ಟಕ್ಕೆ ಹೊರಡೋ ಕಾಲ. ಮಳೆಗಾಲದ ಉಂಬಳ ಬಿಡಿ, ಅದು ರಕ್ತ ಕುಡಿದು ತಾನೇ ಉದುರುತ್ತೆ, ಸುಣ್ಣ ಹೊಗೆಸೊಪ್ಪು ಮುಟ್ಟಿಸಿದ್ರೆ ಇನ್ನೂ ಬೇಗ. ಉಣುಗು ಹಾಗಲ್ಲ, ಕಚ್ಚಿದ್ದೇ ಗೊತ್ತಾಗಲ್ಲ. ತರಗೆಲೆ ಮೇಲೆ ಕೂತು ವಿಶ್ರಾಂತಿ ತಗೊಳೋ ಅಭ್ಯಾಸ ಬಿಡಿ, ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ, ಉಣುಗು ಹತ್ರ ಬರದಂಗೆ ಮೈಗೆ ಹಚ್ಚೋ ಡೇಪಾ ಎಣ್ಣೆ ಆ ಭಾಗದ ಆಸ್ಪತ್ರೆಗಳಲ್ಲಿ ಕೊಡ್ತಾರೆ, ಕೇಳಿ ಇಸ್ಕೊಳ್ಳಿ.

ನಂಗೆ ಉತ್ತರ ಗೊತ್ತಿಲ್ಲದ ಪ್ರಶ್ನೇನೂ ಒಂದಿದೆ, ಮುಚ್ಚಿಡಲ್ಲ. ಘಟ್ಟದ ಮೇಲಿಂದ ಕೆಳಗಿನ ಆಸ್ಪತ್ರೆಗೆ ಸ್ವಂತ ಗಾಡೀಲೋ ಆಟೋದಲ್ಲೋ ರೋಗಿ ಕರ್ಕೊಂಡು ಹೋಗೋರು ಇರ್ತಾರೆ, ಅವರೆಲ್ಲಾ ಆಂಬುಲೆನ್ಸಲ್ಲೇ ಬರಲ್ಲ. ಗೇಟಲ್ಲಿ ನಿಂತಿರೋ ಸಿಬ್ಬಂದಿ ಯಾರನ್ನ ಬಿಡ್ಬೇಕು ಯಾರನ್ನ ಬಿಡ್ಬಾರ್ದು ಅಂತ ಹೇಗೆ ತೀರ್ಮಾನ ಮಾಡ್ತಾರೆ? ತೀರ್ಥಹಳ್ಳಿ ಕಡೆಯವರು, ಹೆಬ್ರಿ ಕಡೆಯವರು, ದಿನಾ ಓಡಾಡೋರು, ಇದಕ್ಕೆ ಒಂದು ದಾರಿ ಹೇಳಿದ್ರೆ ಒಳ್ಳೇದು. ಅವರು ಬೇಡ ಅಂದ್ರೆ ನಾನೂ ಸುಮ್ನಾಗ್ತೀನಿ, ಬೆಂಗಳೂರಿಂದ ರಾತ್ರಿ ಬಸ್ಸಿಗೆ ಸೈಕಲ್ ಕಟ್ಕೊಂಡು ಬರೋರ ಮಾತಿಗಿಂತ ಅವರ ಮಾತು ದೊಡ್ಡದು. ಆದ್ರೆ ಕೇಳೋ ಮೊದಲೇ ಆಗಲ್ಲ ಅನ್ಬೇಡಿ, ಒಂದು ಚಳಿಗಾಲ ನಾಲ್ಕೇ ನಾಲ್ಕು ಬೆಳಿಗ್ಗೆ ಪ್ರಯೋಗ ಮಾಡಿ ನೋಡೋಕೇನು. ಸಂಬಂಧಪಟ್ಟ ಜಿಲ್ಲಾಡಳಿತಗಳು, ಅರಣ್ಯ ಇಲಾಖೆ, ಪೊಲೀಸ್ ಇಲಾಖೆ ಒಟ್ಟಿಗೆ ಕೂತ್ರೆ ಅರ್ಧ ದಿನದ ಕೆಲಸ.

ಇನ್ನು ಆ ಮದುವೆಗೆ ಲೇಟಾದ ಓದುಗರಿಗೆ. ಸ್ವಾಮಿ, ಅವತ್ತು ನಿಮ್ಮ ಮುಂದೆ ಇದ್ದೋನು ನಾನೇ ಆಗಿದ್ರೆ ಕ್ಷಮಿಸಿ. ಪಂಚಾಂಗ ನೋಡಿ ಮುಹೂರ್ತ ಇಲ್ಲದ ಭಾನುವಾರವೇ ಆರಿಸೋಣ, ಅದಕ್ಕೆ ನಂದೇನೂ ತಕರಾರಿಲ್ಲ. ನಾಲ್ಕರಲ್ಲಿ ಒಂದು ಬೆಳಿಗ್ಗೆ ನೀವೂ ಬನ್ನಿ, ಸೈಕಲ್ ಇಲ್ದಿದ್ರೆ ನಡ್ಕೊಂಡೇ ಬನ್ನಿ, ನಮ್ಮ ಸ್ಪೀಡಿಗೂ ನಿಮ್ಮ ಸ್ಪೀಡಿಗೂ ಅಂಥಾ ವ್ಯತ್ಯಾಸ ಇರಲ್ಲ. ಏಳನೇ ತಿರುವಲ್ಲಿ ಕಾಯ್ತೀನಿ, ಹೇಗೂ ಅಲ್ಲಿ ನಂಗೆ ನಿಲ್ಲಲೇಬೇಕಾಗುತ್ತೆ.

ಇತಿ,
ಘಟ್ಟದ ಕೆಳಗಿನ ಒಬ್ಬ ಓದುಗ